ನಾರು, ಚೀಲ ಮತ್ತು ಧಾನ್ಯಗಳು ಹವೆಯ ತೇವವನ್ನು ಹೀರುವ ವಿಷಯ

ಆಷಾಢ ಶ್ರಾವಣಗಳಲ್ಲಿ ಉಗ್ರಾಣದ ಚೀಲಗಳನ್ನು ಬಿಚ್ಚಿ ನೋಡಿದಾಗ, ತಳದ ಸಾಲಿನ ಧಾನ್ಯವು ಮುಗ್ಗಲು ವಾಸನೆ ಹಿಡಿದು, ಕೈಯಿಟ್ಟರೆ ಬೆಚ್ಚಗಿರುವುದು ಅನೇಕ ಗ್ರಾಮಗಳಲ್ಲಿ ಕಾಣಬರುವ ಸಂಗತಿಯಾಗಿದೆ. ಆಗ ಮನೆಯ ಯಜಮಾನರು ಮೊದಲು ಮಾಡುವ ಕೆಲಸವೆಂದರೆ ಹೆಂಚುಗಳನ್ನು ಪರೀಕ್ಷಿಸುವುದು. ಹೆಂಚು ಒಡೆದಿರುವುದಿಲ್ಲ, ಗೋಡೆಯಲ್ಲಿ ಸೋರಿದ ಗುರುತಿರುವುದಿಲ್ಲ, ಒಂದು ಹನಿ ನೀರೂ ಒಳಕ್ಕೆ ಬಿದ್ದಿರುವುದಿಲ್ಲ. ಆದರೂ ಧಾನ್ಯವು ಕೆಟ್ಟಿರುತ್ತದೆ. ಇದಕ್ಕೆ ಕಾರಣವನ್ನು ಮಾಡಿನಲ್ಲಿ ಹುಡುಕುವುದಕ್ಕಿಂತ ಹವೆಯಲ್ಲಿಯೂ, ನೆಲದಲ್ಲಿಯೂ, ಚೀಲದ ನಾರಿನಲ್ಲಿಯೂ ಹುಡುಕುವುದು ಯುಕ್ತ. ಹನಿಯಾಗಿ ಬೀಳುವ ನೀರು ಕಣ್ಣಿಗೆ ಕಾಣುವುದರಿಂದ ಅದಕ್ಕೆ ಎಲ್ಲರೂ ಎಚ್ಚರಿಕೆ ವಹಿಸುತ್ತಾರೆ. ಆವಿಯಾಗಿ ಹವೆಯಲ್ಲಿರುವ ನೀರು ಕಾಣದಿರುವುದರಿಂದಲೇ ಹೆಚ್ಚಿನ ನಷ್ಟವನ್ನುಂಟುಮಾಡುತ್ತದೆ.

ಅಡಿಗೆಮನೆಯ ಉಪ್ಪಿನ ಮಡಕೆಯು ಈ ವಿಷಯದಲ್ಲಿ ಒಳ್ಳೆಯ ಸಾಕ್ಷಿ. ಬೇಸಗೆಯಲ್ಲಿ ಪುಡಿಪುಡಿಯಾಗಿರುವ ಉಪ್ಪು ಮಳೆಗಾಲದಲ್ಲಿ ತಾನಾಗಿಯೇ ನೀರೊಡೆಯುತ್ತದೆ. ಅದಕ್ಕೆ ಯಾರೂ ನೀರು ಹಾಕಿರುವುದಿಲ್ಲ. ಬೆಲ್ಲದ ಅಚ್ಚುಗಳು ಜಿನುಗುವುದೂ, ಹಪ್ಪಳ ಮೆತ್ತಗಾಗುವುದೂ, ಬಾಗಿಲಿನ ಹಲಗೆ ಉಬ್ಬಿ ಚೌಕಟ್ಟಿಗೆ ಬಿಗಿಯುವುದೂ ಇದೇ ಕಾರಣದಿಂದ.

ಹವೆಯು ತನ್ನಲ್ಲಿ ಇಷ್ಟೇ ನೀರಾವಿಯನ್ನು ಇಟ್ಟುಕೊಳ್ಳಬಲ್ಲುದೆಂಬ ಮಿತಿಯುಂಟು. ಆ ಮಿತಿಯು ಶಾಖವನ್ನು ಅನುಸರಿಸಿ ಹೆಚ್ಚುಕಡಿಮೆಯಾಗುತ್ತದೆ. ಶಾಖವು 30 ಡಿಗ್ರಿ ಸೆಲ್ಸಿಯಸ್ ಇರುವಾಗ ಒಂದು ಘನ ಮೀಟರ್ ಹವೆಯು ಸುಮಾರು 30 ಗ್ರಾಂ ನೀರನ್ನು ಆವಿಯ ರೂಪದಲ್ಲಿ ಹಿಡಿದಿಡಬಲ್ಲುದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಹವೆಯಲ್ಲಿ ವಾಸ್ತವವಾಗಿ ಇರುವ ಆವಿಯು ಈ ಮಿತಿಯಲ್ಲಿ ನೂರಕ್ಕೆ ಎಷ್ಟು ಪಾಲೆಂಬುದನ್ನೇ ಸಾಪೇಕ್ಷ ಆರ್ದ್ರತೆಯೆಂದು ಕರೆಯುತ್ತಾರೆ. ಮಂಗಳೂರಿನಲ್ಲಿ ಜುಲೈ ತಿಂಗಳಿನ ಆರ್ದ್ರತೆಯು ನೂರಕ್ಕೆ 85ನ್ನು ಮೀರುವುದು ಸಾಮಾನ್ಯ; ರಾಯಚೂರು ಕಡೆಯ ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಅದು 30ಕ್ಕಿಂತಲೂ ಕೆಳಗಿಳಿಯುತ್ತದೆ. ಒಂದೇ ಬಟ್ಟೆಯ ತುಂಡು ಈ ಎರಡು ಸ್ಥಳಗಳಲ್ಲಿ ಒಂದೇ ತೂಕವಾಗಿರುವುದಿಲ್ಲ.

ಹೀರಿಕೆಯ ಎರಡು ಬಗೆ

ಪದಾರ್ಥಗಳು ತೇವವನ್ನು ಪಡೆಯುವ ಮಾರ್ಗಗಳು ಎರಡು. ಇವೆರಡನ್ನು ಬೆರೆಸುವುದರಿಂದಲೇ ಅನೇಕ ತಪ್ಪು ಅಭಿಪ್ರಾಯಗಳು ಹುಟ್ಟಿವೆ. ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆಳೆಯುವಂತೆ, ಪದಾರ್ಥದ ಸಣ್ಣ ಸಂದುಗಳು ತಮಗೆ ತಗುಲಿದ ನೀರನ್ನು ಎಳೆದುಕೊಳ್ಳುವುದು ಒಂದು ಬಗೆ. ಮಣ್ಣಿನ ಗೋಡೆಯ ಬುಡದಿಂದ ತೇವವು ಮೇಲಕ್ಕೇರುವುದೂ, ಒದ್ದೆ ನೆಲದ ಮೇಲಿಟ್ಟ ಗೋಣಿಯ ತಳದಿಂದ ಒಂದು ಗೇಣಿನವರೆಗೆ ಕಪ್ಪಾಗುವುದೂ ಇದರಿಂದಲೇ. ಎರಡನೆಯ ಬಗೆಯಲ್ಲಿ ನೀರು ತಗುಲಬೇಕಾದ ಅಗತ್ಯವಿಲ್ಲ. ನಾರಿನ ಒಡಲಿನೊಳಗೇ ಹವೆಯ ಆವಿಯು ಪ್ರವೇಶಿಸಿ, ಅಲ್ಲಿರುವ ದ್ರವ್ಯದೊಡನೆ ಅಂಟಿಕೊಂಡು ಕೂರುತ್ತದೆ. ಹೀಗೆ ಸೇರಿದ ನೀರು ಕೈಗೆ ಒದ್ದೆಯಾಗಿ ತೋರುವುದಿಲ್ಲ. ಹಿಂಡಿದರೆ ಹನಿಯುವುದೂ ಇಲ್ಲ. ತಕ್ಕಡಿಯೊಂದೇ ಅದನ್ನು ಹೊರಗೆಡಹಬಲ್ಲುದು.

ಇವೆರಡೂ ಒಂದೇ ಪದಾರ್ಥದಲ್ಲಿ ಸಮನಾಗಿರಬೇಕೆಂಬ ನಿಯಮವಿಲ್ಲ. ಕೃತಕ ನೂಲಿನ ಪಾಲಿಯೆಸ್ಟರ್ ಬಟ್ಟೆಯನ್ನು ನೀರಿನಲ್ಲಿ ಅದ್ದಿದರೆ ಎಳೆಗಳ ಸಂದಿನಲ್ಲಿ ನೀರು ನಿಂತು ಬಟ್ಟೆ ತೊಯ್ಯುತ್ತದೆ. ಆದರೆ ಎಳೆಯ ಒಡಲಿನೊಳಕ್ಕೆ ನೀರು ಹೋಗುವುದೇ ಇಲ್ಲವೆನ್ನಬಹುದು. ಆದಕಾರಣ ಅದು ಬೇಗ ಒಣಗುತ್ತದೆ. ಉಣ್ಣೆಯ ಸ್ವಭಾವವು ಇದಕ್ಕೆ ನೇರ ವಿರುದ್ಧ: ಮೇಲೆ ಬಿದ್ದ ಹನಿಯನ್ನು ಮೊದಲು ಜಾರಿಸುತ್ತದೆ, ಆವಿಯನ್ನು ಮಾತ್ರ ಎಲ್ಲಕ್ಕಿಂತಲೂ ಹೆಚ್ಚಾಗಿ ಒಳಗೊಳ್ಳುತ್ತದೆ.

ಯಾವ ನಾರು ಎಷ್ಟನ್ನು ಹೀರುತ್ತದೆ

ನಾರನ್ನು ನೀರು ಕುದಿಯುವ ಶಾಖಕ್ಕಿಂತ ಸ್ವಲ್ಪ ಹೆಚ್ಚಿನ ಶಾಖದಲ್ಲಿ ಪೂರ್ತಿಯಾಗಿ ಒಣಗಿಸಿ ತೂಗಿ, ಬಳಿಕ ಗೊತ್ತಾದ ಆರ್ದ್ರತೆಯುಳ್ಳ ಹವೆಯಲ್ಲಿಟ್ಟು ಮತ್ತೆ ತೂಗಿದರೆ, ಅದು ಎಷ್ಟು ನೀರನ್ನು ಪಡೆಯಿತೆಂಬುದು ತಿಳಿಯುತ್ತದೆ. ವರ್ತಕರೂ ಗಿರಣಿಯವರೂ ನೂರಕ್ಕೆ 65ರ ಆರ್ದ್ರತೆ, 20 ಡಿಗ್ರಿ ಶಾಖವನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಒಣನಾರು 100 ಭಾಗಕ್ಕೆ ಸೇರುವ ನೀರಿನ ಭಾಗಗಳು ಸುಮಾರಾಗಿ ಹೀಗಿವೆ. ಉಣ್ಣೆಗೆ 16, ಸೆಣಬಿಗೆ 13 ಮುಕ್ಕಾಲು, ಮರದ ತಿರುಳಿನಿಂದ ಮಾಡಿದ ವಿಸ್ಕೋಸ್ ಎಂಬ ಕೃತಕ ರೇಷ್ಮೆಗೆ 13, ಅಗಸೆಯ ನಾರಿಗೆ 12, ರೇಷ್ಮೆಗೆ 11, ಹತ್ತಿಗೆ 8 ರಿಂದ 8.5, ನೈಲಾನಿಗೆ 4, ಪಾಲಿಯೆಸ್ಟರಿಗೆ ಅರ್ಧ ಭಾಗವೂ ಇಲ್ಲ. ಈಚೆಗೆ ಎಲ್ಲೆಡೆಯೂ ಕಾಣುವ ಹೆಣೆದ ಪ್ಲಾಸ್ಟಿಕ್ ಚೀಲದ ಪಾಲಿಪ್ರೊಪಿಲೀನ್ ಎಂಬ ದ್ರವ್ಯಕ್ಕೆ ಸೊನ್ನೆ.

ಈ ಭೇದಕ್ಕೆ ಕಾರಣವು ದ್ರವ್ಯದ ರಚನೆಯಲ್ಲಿದೆ. ಗಿಡದ ನಾರುಗಳೆಲ್ಲವೂ ಮುಖ್ಯವಾಗಿ ಸೆಲ್ಯುಲೋಸ್ ಎಂಬ ದ್ರವ್ಯದಿಂದಾದವು; ಪ್ರಾಣಿಗಳಿಂದ ಬರುವ ಉಣ್ಣೆ ರೇಷ್ಮೆಗಳು ಸಸಾರಜನಕ ದ್ರವ್ಯಗಳು. ಇವೆರಡರಲ್ಲಿಯೂ ನೀರನ್ನು ಆಕರ್ಷಿಸುವ ಅಣುಭಾಗಗಳು ಧಾರಾಳವಾಗಿವೆ. ಕಲ್ಲೆಣ್ಣೆಯಿಂದ ತಯಾರಾಗುವ ಪಾಲಿಪ್ರೊಪಿಲೀನಿನಲ್ಲಿ ಅಂಥ ಭಾಗಗಳಿಲ್ಲದಿರುವುದರಿಂದ ಅದು ನೀರನ್ನು ದೂರವಿಡುತ್ತದೆ. ಹತ್ತಿಯೂ ವಿಸ್ಕೋಸೂ ಒಂದೇ ದ್ರವ್ಯದವಾದರೂ, ಹತ್ತಿಯಲ್ಲಿ ಅಣುಗಳು ಒತ್ತಾಗಿ ಸಾಲುಗೂಡಿರುತ್ತವೆ, ವಿಸ್ಕೋಸಿನಲ್ಲಿ ಸಡಿಲವಾಗಿರುತ್ತವೆ; ಆದುದರಿಂದಲೇ ಎರಡನೆಯದು ಹೆಚ್ಚು ಹೀರುತ್ತದೆ. ಹೆಚ್ಚು ಹೀರುವುದು ಯಾವಾಗಲೂ ಗುಣವೆಂದೂ ತಿಳಿಯತಕ್ಕದ್ದಲ್ಲ. ವಿಸ್ಕೋಸ್ ನೂಲು ತೊಯ್ದಾಗ ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಹತ್ತಿಯಾದರೋ ತೊಯ್ದಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ಅಗಸರು ಹತ್ತಿಯ ಬಟ್ಟೆಯನ್ನು ಕಲ್ಲಿನ ಮೇಲೆ ಅಷ್ಟೊಂದು ಬಲವಾಗಿ ಒಗೆದರೂ ಅದು ವರ್ಷಗಟ್ಟಲೆ ಬಾಳುವುದಕ್ಕೆ ಈ ಗುಣವೇ ಆಧಾರ.

ನಾರು ನೀರನ್ನು ಹೀರಿದಾಗ ದಪ್ಪವಾಗುತ್ತದೆ. ಉದ್ದದಲ್ಲಿ ಬದಲಾವಣೆ ಬಹಳ ಅಲ್ಪ. ಆದರೆ ಹೊಸೆದ ಹಗ್ಗದಲ್ಲಿ ಎಳೆಗಳು ದಪ್ಪವಾದಂತೆಲ್ಲಾ ಹುರಿಯು ಬಿಗಿದು ಹಗ್ಗವು ಗಿಡ್ಡವಾಗುತ್ತದೆ. ಮಳೆಗೆ ಸಿಕ್ಕಿದ ಗಂಟನ್ನು ಬಿಚ್ಚುವುದು ಎಷ್ಟು ಕಷ್ಟವೆಂಬುದನ್ನು ಗಾಡಿ ಹೊಡೆಯುವವರೆಲ್ಲರೂ ಬಲ್ಲರು. ದನವನ್ನು ಹತ್ತಿಯ ಅಥವಾ ಸೆಣಬಿನ ಹಗ್ಗದಿಂದ ಬಿಗಿಯಾಗಿ ಕಟ್ಟಿ ಮಳೆಯಲ್ಲಿ ಬಿಡಬಾರದೆಂಬುದಕ್ಕೂ ಇದೇ ಕಾರಣ. ಮನುಷ್ಯರ ಕೂದಲಿನಲ್ಲಿ ಮಾತ್ರ ಉದ್ದದ ಬದಲಾವಣೆಯು ಅಳೆಯುವಷ್ಟಿರುತ್ತದೆ: ಪೂರ್ತಿ ಒಣ ಹವೆಯಿಂದ ಪೂರ್ತಿ ತೇವದ ಹವೆಗೆ ಬಂದಾಗ ನೂರಕ್ಕೆ ಎರಡು ಎರಡೂವರೆ ಪಾಲು ಉದ್ದವಾಗುತ್ತದೆ. ಸ್ವಿಟ್ಜರ್ಲೆಂಡಿನ ಸೋಸೂರ್ ಎಂಬ ವಿದ್ವಾಂಸನು ಇದನ್ನೇ ಉಪಯೋಗಿಸಿ ಹವೆಯ ತೇವವನ್ನಳೆಯುವ ಯಂತ್ರವನ್ನು 1783ರಲ್ಲಿ ಪ್ರಕಟಪಡಿಸಿದನು.

ಹತ್ತಿ, ಕಂಬಳಿ ಮತ್ತು ರೇಷ್ಮೆ

ಗಿಡದಿಂದ ಬಿಡಿಸಿದ ಅರಳೆಯನ್ನು ನೀರಿನ ಮೇಲೆ ಹಾಕಿದರೆ ಅದು ಬೇಗನೆ ಮುಳುಗದೆ ತೇಲುತ್ತದೆ. ನಾರಿನ ಮೇಲೆ ಮೇಣದಂಥ ತೆಳುವಾದ ಪದರವಿರುವುದೇ ಇದಕ್ಕೆ ಕಾರಣ. ಕ್ಷಾರದ ನೀರಿನಲ್ಲಿ ಬೇಯಿಸಿ ಆ ಪದರವನ್ನು ತೆಗೆದ ಬಳಿಕ ಅದೇ ಅರಳೆಯು ಕ್ಷಣಮಾತ್ರದಲ್ಲಿ ನೀರನ್ನು ಕುಡಿಯುತ್ತದೆ. ಆಸ್ಪತ್ರೆಗಳಲ್ಲಿ ಗಾಯಕ್ಕೆ ಉಪಯೋಗಿಸುವ ಹತ್ತಿಯು ಇಂಥದು. ಹೊಸ ಬಟ್ಟೆಗಿಂತ ಹತ್ತಾರು ಸಲ ಒಗೆದ ಹಳೆಯ ಪಂಚೆಯು ಮೈ ಒರಸಲು ಯೋಗ್ಯವಾಗಿರುವುದೂ ಇದೇ ಕಾರಣದಿಂದ. ಹೊಸ ಬಟ್ಟೆಗೆ ಹಾಕಿದ ಗಂಜಿಯು ಹೋಗಬೇಕಷ್ಟೆ.

ಅರಳೆಯ ವ್ಯಾಪಾರದಲ್ಲಿ ತೇವವೆಂದರೆ ಹಣ. ರಾತ್ರಿಯ ಹಿಮಕ್ಕೆ ತೋರಿಸಿಯೋ, ನೀರು ಚಿಮುಕಿಸಿಯೋ ತೂಕ ಹೆಚ್ಚಿಸುವ ದುರಭ್ಯಾಸವು ಹಳೆಯದು. ಭಾರತ ಹತ್ತಿ ನಿಗಮವು ಬೆಂಬಲ ಬೆಲೆಗೆ ಕೊಳ್ಳುವಾಗ ನೂರಕ್ಕೆ 8ರವರೆಗಿನ ತೇವಕ್ಕೆ ಪೂರ್ತಿ ಬೆಲೆಯನ್ನು ಕೊಟ್ಟು, 8 ರಿಂದ 12ರವರೆಗೆ ಬೆಲೆಯಲ್ಲಿ ಕಡಿತ ಮಾಡಿ, 12ನ್ನು ಮೀರಿದ ಸರಕನ್ನು ನಿರಾಕರಿಸುತ್ತದೆ. ಒಂದು ಕ್ವಿಂಟಾಲಿನಲ್ಲಿ 8ಕ್ಕೂ 12ಕ್ಕೂ ಇರುವ ಅಂತರವು 4 ಕಿಲೋಗ್ರಾಂ ನೀರು. ಈ ನೀರಿಗೆ ಬೆಲೆ ಸಿಕ್ಕುವುದೆಂದು ನಂಬಿದವರು ಕಡಿತವನ್ನೂ ತಿಂದು, ಅರಳೆಯು ರಾಶಿಯಲ್ಲಿ ಬೆಚ್ಚಗಾಗಿ ಹಳದಿಯಾದ ನಷ್ಟವನ್ನೂ ತಿನ್ನುತ್ತಾರೆ. ಇಲ್ಲಿ ಒಂದು ಲೆಕ್ಕದ ಭೇದವನ್ನು ಗಮನಿಸತಕ್ಕದ್ದು. ಗಿರಣಿಯವರು 8.5 ಎಂದು ಹೇಳುವುದು ಒಣನಾರು 100ಕ್ಕೆ ಸೇರಿದ ನೀರು. ಮಂಡಿಯ ಯಂತ್ರವು ತೋರಿಸುವುದು ನೀರೂ ಸೇರಿದ ಒಟ್ಟು ತೂಕ 100ರಲ್ಲಿ ನೀರೆಷ್ಟೆಂಬುದು. ಮೊದಲಿನ 8.5 ಎಂಬುದು ಎರಡನೆಯ ಲೆಕ್ಕದಲ್ಲಿ 7.8 ಆಗುತ್ತದೆ.

ಕಂಬಳಿಯ ವಿಷಯದಲ್ಲಿ ಕುರುಬರ ತಿಳಿವಳಿಕೆಗೆ ಹೆಚ್ಚಿನದನ್ನು ಸೇರಿಸುವುದು ಕಷ್ಟ. ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ಆವಿಯನ್ನು ಹೀರಿದರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಅಲ್ಲದೆ ಒಣ ಉಣ್ಣೆಯು ತೇವವನ್ನು ಹೀರುವಾಗ ಸ್ವಲ್ಪ ಶಾಖವನ್ನು ಹೊರಬಿಡುತ್ತದೆ. ಜಡಿಮಳೆಯಲ್ಲಿ ಕೊಪ್ಪೆ ಹಾಕಿಕೊಂಡ ದನಗಾಹಿಗೆ ಮೈ ಬೆಚ್ಚಗಿರುವುದು ಈ ಕಾರಣದಿಂದಲೂ ಹೌದು. ಚಳ್ಳಕೆರೆಯ ಕಡೆ ಕಂಬಳಿಗೆ ಹುಣಿಸೆಬೀಜದ ಸರಿಯನ್ನು ಹಚ್ಚುವ ಪದ್ಧತಿಯುಂಟು. ಇದರಿಂದ ನೂಲು ಬಿಗಿಯಾಗಿ ಸಂದುಗಳು ಕಿರಿದಾಗುತ್ತವೆ. ಆದರೆ ಕಂಬಳಿಯು ಹೀರಿದ ನೀರನ್ನು ಬೇಗ ಬಿಡುವುದಿಲ್ಲ. ಮಳೆಯಲ್ಲಿ ನೆನೆದ ಕಂಬಳಿಯನ್ನು ಧಾನ್ಯದ ಚೀಲಗಳ ಮೇಲೆ ಹರವುವುದು ಬಹು ಮನೆಗಳಲ್ಲಿರುವ ಅಭ್ಯಾಸ. ಅದರ ನೀರೆಲ್ಲವೂ ಎರಡು ಮೂರು ದಿನಗಳಲ್ಲಿ ಕೆಳಗಿನ ಚೀಲಕ್ಕೂ ಕಾಳಿಗೂ ಇಳಿಯುತ್ತದೆ.

ರೇಷ್ಮೆಯು ದುಬಾರಿ ಸರಕಾದುದರಿಂದ ಅದರ ತೇವದ ಲೆಕ್ಕವನ್ನು ಮೊದಲು ಕಟ್ಟುನಿಟ್ಟಾಗಿ ಮಾಡಿದರು. ಫ್ರಾನ್ಸ್ ದೇಶದ ಲಿಯಾನ್ ಪಟ್ಟಣದಲ್ಲಿ ರೇಷ್ಮೆಯ ತೇವವನ್ನು ಪರೀಕ್ಷಿಸಿ ತೂಕವನ್ನು ನಿರ್ಣಯಿಸುವ ಸಾರ್ವಜನಿಕ ಸಂಸ್ಥೆಯು 1805ರಲ್ಲಿ ಏರ್ಪಟ್ಟಿತು. ಪೂರ್ತಿ ಒಣಗಿಸಿದ ತೂಕಕ್ಕೆ ನೂರಕ್ಕೆ 11 ಸೇರಿಸಿದುದೇ ವ್ಯಾಪಾರದ ನ್ಯಾಯವಾದ ತೂಕವೆಂಬ ನಿಯಮವು ಇಂದಿಗೂ ನಡೆದುಬಂದಿದೆ. ಗೂಡಿನ ವಿಷಯವು ಬೇರೆ. ಹಸಿ ಗೂಡಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ. ಒಳಗಿನ ಹುಳುವಿನ ಮೈಯಲ್ಲಿರುವ ಈ ನೀರು ಪೂರ್ತಿ ಆರಿದ ಮೇಲೆ ಗೂಡು ಸುಮಾರು ನೂರಕ್ಕೆ 40 ತೂಗುತ್ತದೆ.

ಗೋಣಿಚೀಲ

ಧಾನ್ಯದ ಒಡೆಯರಿಗೆ ಎಲ್ಲಕ್ಕಿಂತ ಮುಖ್ಯವಾದ ಬಟ್ಟೆಯು ಗೋಣಿ. ಸೆಣಬು ಹತ್ತಿಗಿಂತ ಒಂದೂವರೆ ಪಾಲಿನಷ್ಟು ಹೆಚ್ಚು ತೇವವನ್ನು ಹೀರುವುದೆಂದು ಮೇಲೆ ಹೇಳಿದೆ. ಮಳೆಗಾಲದಲ್ಲಿ ಆರ್ದ್ರತೆಯು 90ರ ಸಮೀಪಕ್ಕೆ ಹೋದಾಗ ಸೆಣಬು ಪಡೆಯುವ ನೀರು ನೂರಕ್ಕೆ 20ನ್ನು ಮೀರುತ್ತದೆ. ಪೂರ್ತಿ ಒಣಗಿದಾಗ 500 ಗ್ರಾಂ ತೂಗುವ ಒಂದು ಚೀಲವನ್ನು ತೆಗೆದುಕೊಂಡರೆ, ಬೇಸಗೆಯಲ್ಲಿ ನೂರಕ್ಕೆ 6ರ ಲೆಕ್ಕದಲ್ಲಿ ಅದು 530 ಗ್ರಾಂ, ಮಳೆಗಾಲದಲ್ಲಿ 24ರ ಲೆಕ್ಕದಲ್ಲಿ 620 ಗ್ರಾಂ ಆಗುತ್ತದೆ. ನೂರು ಚೀಲಗಳಿಗೆ ಈ ವ್ಯತ್ಯಾಸವು 9 ಕಿಲೋಗ್ರಾಂ. ಚೀಲದ ತೂಕವೆಂದು ಗೊತ್ತಾದ ಒಂದು ಅಂಕಿಯನ್ನು ವರ್ಷವಿಡೀ ಕಳೆಯುವ ಪದ್ಧತಿಯಲ್ಲಿ ಒಮ್ಮೆ ಕೊಳ್ಳುವವರಿಗೂ ಒಮ್ಮೆ ಮಾರುವವರಿಗೂ ಹಾನಿಯಾಗುವುದು ತಪ್ಪದು. ಅಳತೆಯ ದಿನವೇ ಹತ್ತು ಬರಿಚೀಲಗಳನ್ನು ತೂಗಿ ಸರಾಸರಿ ತೆಗೆಯುವುದು ಉಭಯರಿಗೂ ಒಳ್ಳೆಯದು.

ಗೋಣಿಯು ತೇವವನ್ನು ಹೀರುವುದರಿಂದ ಅದು ಕೆಟ್ಟ ಚೀಲವೆಂದು ಹೇಳುವವರುಂಟು. ಇದು ಅರ್ಧ ಸತ್ಯ. ಹೀರುವ ಪದಾರ್ಥವೇ ಬಿಡುವ ಪದಾರ್ಥವೂ ಆಗಿರುತ್ತದೆ. ರಾತ್ರಿ ಹೊತ್ತಿನಲ್ಲಿ ಸೇರಿದ ತೇವವನ್ನು ಗೋಣಿಯು ತನ್ನ ನಾರಿನಲ್ಲಿ ತಡೆದಿಟ್ಟು, ಹಗಲಿನ ಒಣ ಗಾಳಿಗೆ ಹಿಂದಕ್ಕೆ ಕೊಡುತ್ತದೆ. ಕಾಳಿನಿಂದ ಹೊರಬರುವ ಆವಿಯನ್ನೂ ಹೀಗೆಯೇ ಹೊರಕ್ಕೆ ಸಾಗಿಸುತ್ತದೆ. ಸ್ವಲ್ಪ ಹಸಿಯಾಗಿ ತುಂಬಿದ ಧಾನ್ಯವು ಗಾಳಿಯಾಡುವ ಉಗ್ರಾಣದ ಗೋಣಿಯಲ್ಲಿ ಎಷ್ಟೋ ವೇಳೆ ಉಳಿದುಕೊಳ್ಳುತ್ತದೆ. 1987ರ ಸೆಣಬಿನ ಚೀಲಗಳ ಕಡ್ಡಾಯ ಬಳಕೆಯ ಕಾಯಿದೆಯು ಸೆಣಬು ಬೆಳೆಯುವವರ ಹಿತಕ್ಕಾಗಿ ಆದುದು; ಆದರೂ ಧಾನ್ಯಕ್ಕೆ ಅದರಿಂದ ಅಹಿತವಾಗಿಲ್ಲ. ಗೋಣಿಯ ನಿಜವಾದ ದೋಷವು ಬೇರೆಡೆಯಲ್ಲಿದೆ. ನೆಲದ ನೀರನ್ನು ಅದು ಬತ್ತಿಯಂತೆ ಎಳೆಯುತ್ತದೆ. ಎಳೆದುದು ಒಣಗಲು ಅವಕಾಶವಿಲ್ಲದೆ ಕೆಲವು ವಾರಗಳು ಕಳೆದರೆ ನಾರೇ ಕೊಳೆತು ಚೀಲದ ತಳವು ಕಳಚಿ ಬೀಳುತ್ತದೆ. ತೆಂಗಿನ ನಾರು ಈ ವಿಷಯದಲ್ಲಿ ಹೆಚ್ಚು ತಾಳಿಕೆಯುಳ್ಳದ್ದು. ಆದಕಾರಣ ಚೀಲಗಳ ಕೆಳಗೆ ಹಾಸಲು ಹಳೆಯ ಗೋಣಿತಟ್ಟಿಗಿಂತ ತೆಂಗಿನ ನಾರಿನ ಚಾಪೆಯು ಮೇಲು.

ಪ್ಲಾಸ್ಟಿಕ್ ಚೀಲವು ತಾನು ಏನನ್ನೂ ಹೀರುವುದಿಲ್ಲ. ಹೀರದಿರುವುದರಿಂದ ಧಾನ್ಯಕ್ಕೆ ರಕ್ಷೆಯಾಯಿತೆಂದು ತಿಳಿಯುವುದು ಈಗ ಹೆಚ್ಚಾಗಿ ಹಬ್ಬಿರುವ ತಪ್ಪು. ಹೆಣೆದ ಪಟ್ಟಿಗಳ ಸಂದಿನಲ್ಲಿ ಆವಿಯು ಒಳಹೊರಗೆ ಓಡಾಡುತ್ತಲೇ ಇರುತ್ತದೆ. ಒಳಗೆ ತೆಳುಹಾಳೆಯ ಪದರವನ್ನು ಸೇರಿಸಿ ಬಾಯಿ ಬಿಗಿದ ಚೀಲದಲ್ಲಿ ಮಾತ್ರ ಆವಿಯ ಸಂಚಾರವು ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಅದು ಹೊರಗಿನ ತೇವವನ್ನು ಹೇಗೆ ಒಳಗೆ ಬಿಡುವುದಿಲ್ಲವೋ ಹಾಗೆಯೇ ಒಳಗಿನದನ್ನು ಹೊರಗೆ ಬಿಡುವುದಿಲ್ಲ. ಒಣಗಿದ ಕಾಳಿಗೆ ಅದು ಪೆಟ್ಟಿಗೆ, ಹಸಿಕಾಳಿಗೆ ಗೋರಿ. ಹಗಲು ಬಿಸಿಲಿಗೆ ಕಾದ ಹಸಿ ಕಾಳಿನಿಂದೆದ್ದ ಆವಿಯು ರಾತ್ರಿ ತಣ್ಣಗಾದ ಹಾಳೆಯ ಒಳಮೈಯಲ್ಲಿ ಬೆವರಿನಂತೆ ಕೂಡಿ, ಮೇಲಿನ ಪದರದ ಕಾಳನ್ನೇ ಮೊಳಕೆಯೊಡೆಯಿಸುವುದುಂಟು. ಕಣದಲ್ಲಿ ರಾಶಿಯ ಮೇಲೆ ಟಾರ್ಪಾಲನ್ನು ಬಿಗಿಯಾಗಿ ಹೊದಿಸಿ ಹಗಲೂ ತೆಗೆಯದೆ ಬಿಟ್ಟವರು ಇದನ್ನು ಕಂಡೇ ಇರುತ್ತಾರೆ.

ಧಾನ್ಯವೂ ಒಂದು ಬಗೆಯ ನಾರೇ

ಕಾಳಿನ ಒಡಲಿನಲ್ಲಿರುವ ಪಿಷ್ಟವೂ ಸಸಾರಜನಕವೂ ನಾರಿನಂತೆಯೇ ನೀರನ್ನು ಆಕರ್ಷಿಸುತ್ತವೆ. ಆದಕಾರಣ ಧಾನ್ಯವು ತನ್ನ ಸುತ್ತಲಿನ ಹವೆಯೊಡನೆ ಸಮತೋಲಕ್ಕೆ ಬರುವವರೆಗೆ ತೇವವನ್ನು ಕೊಡುತ್ತಲೋ ತೆಗೆದುಕೊಳ್ಳುತ್ತಲೋ ಇರುತ್ತದೆ. ಹವೆಯ ಆರ್ದ್ರತೆ 70 ಇರುವಲ್ಲಿ ಭತ್ತವೂ ಜೋಳವೂ ನೂರಕ್ಕೆ ಸುಮಾರು 13 ರಿಂದ 14ರ ತೇವಕ್ಕೆ ನಿಲ್ಲುತ್ತವೆ. ಎಣ್ಣೆಯು ನೀರನ್ನು ಹಿಡಿಯದುದರಿಂದ, ಅದೇ ಹವೆಯಲ್ಲಿ ಕಡಲೆಕಾಯಿಯ ಬೀಜವು ಸುಮಾರು 7ಕ್ಕೇ ನಿಲ್ಲುತ್ತದೆ. ಭತ್ತಕ್ಕೆ ಕ್ಷೇಮವಾದ 12 ಎಂಬ ಅಂಕಿಯು ಕಡಲೆಕಾಯಿಗೆ ಅಪಾಯಕರವೆಂಬುದನ್ನು ಅನೇಕರು ಮರೆಯುತ್ತಾರೆ. ಕಾಳಿನ ಸಂದಿನ ಹವೆಯ ಆರ್ದ್ರತೆಯು 70ನ್ನು ದಾಟಿತೆಂದರೆ ಬೂಷ್ಟಿನ ಬೀಜಾಣುಗಳು ಬೆಳೆಯತೊಡಗುತ್ತವೆ. ಅವುಗಳ ಉಸಿರಾಟದಿಂದ ಮತ್ತಷ್ಟು ನೀರೂ ಶಾಖವೂ ಹುಟ್ಟಿ, ಕೆಡುಕು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಕಡಲೆಕಾಯಿ ಮೆಕ್ಕೆಜೋಳಗಳಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನುಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿಯನ್ನು ತಿಂದ ಟರ್ಕಿ ಕೋಳಿಗಳು ಅಸಂಖ್ಯವಾಗಿ ಸತ್ತ ಬಳಿಕ ಈ ವಿಷವು ಪತ್ತೆಯಾಯಿತು. ಬೂಷ್ಟು ಹಿಡಿದ ಕಾಯನ್ನು ಮನುಷ್ಯರಿಗೆ ಬೇಡವೆಂದು ದನಕ್ಕೆ ಹಾಕುವುದು ಉಳಿತಾಯವಲ್ಲ. ಆ ವಿಷದ ಅಂಶವು ಹಾಲಿಗೂ ಇಳಿಯುತ್ತದೆ.

ಬೆಂಬಲ ಬೆಲೆಯ ಖರೀದಿಯಲ್ಲಿ ರಾಗಿಗೆ ನೂರಕ್ಕೆ 12, ಬಿಳಿಜೋಳಕ್ಕೆ 14, ಭತ್ತಕ್ಕೆ 17 ತೇವದ ಮೇಲ್ಮಿತಿಯಿದೆ. ಭತ್ತದ 17 ಎಂಬುದು ಗಿರಣಿಗೆ ಹೋಗುವ ಭತ್ತಕ್ಕೆ ಕೊಟ್ಟ ರಿಯಾಯಿತಿಯೇ ಹೊರತು ಮನೆಯಲ್ಲಿ ಕೂಡಿಡಲು ಹೇಳಿದ ಅಳತೆಯಲ್ಲ. ಕೂಡಿಡುವ ಭತ್ತವು 13ಕ್ಕೆ ಇಳಿದಿರತಕ್ಕದ್ದು.

ಯಂತ್ರವಿಲ್ಲದ ಗ್ರಾಮದಲ್ಲಿ ಉಪ್ಪೇ ಯಂತ್ರದ ಕೆಲಸವನ್ನು ಮಾಡಬಲ್ಲುದು. ಹವೆಯ ಆರ್ದ್ರತೆಯು ಸುಮಾರು 75ನ್ನು ಮೀರಿದರೆ ಮಾತ್ರ ಉಪ್ಪು ನೀರೊಡೆಯುತ್ತದೆ. ಈ ಗುಣವನ್ನೇ ಪರೀಕ್ಷೆಗೆ ತಿರುಗಿಸಬಹುದು. ಚೆನ್ನಾಗಿ ಒಣಗಿದ, ಮುಚ್ಚಳವುಳ್ಳ ಒಂದು ಗಾಜಿನ ಸೀಸೆಯಲ್ಲಿ ಮೂರರಲ್ಲೊಂದು ಪಾಲು ಕಾಳನ್ನು ಹಾಕಿ, ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿಯುಪ್ಪನ್ನು ಎರಡು ಮೂರು ಚಮಚ ಸೇರಿಸಿ, ಮುಚ್ಚಳ ಬಿಗಿದು ಒಂದು ನಿಮಿಷ ಚೆನ್ನಾಗಿ ಕುಲುಕಬೇಕು. ಕಾಲು ಗಂಟೆ ಬಿಟ್ಟು ನೋಡಿದಾಗ ಉಪ್ಪು ಸೀಸೆಯ ಗೋಡೆಗೆ ಅಂಟಿದ್ದರೆ ಕಾಳಿನ ತೇವವು 15ಕ್ಕಿಂತ ಹೆಚ್ಚೆಂದೂ, ಅಂಟದೆ ತಳಕ್ಕೆ ಉದುರಿದ್ದರೆ ಕಡಿಮೆಯೆಂದೂ ತಿಳಿಯಬಹುದು. ಇದು ಭತ್ತ, ಜೋಳ, ಮೆಕ್ಕೆಜೋಳಗಳಿಗೆ ಸಲ್ಲುತ್ತದೆ, ಎಣ್ಣೆಕಾಳುಗಳಿಗೆ ಸಲ್ಲದು. ಉಪ್ಪು ಅಂಟದಿದ್ದರೂ ಒಂದು ದಿನದ ಬಿಸಿಲನ್ನು ಹೆಚ್ಚಾಗಿ ಕೊಡುವುದರಿಂದ ಕೆಡುವುದೇನೂ ಇಲ್ಲ. ಹಲ್ಲಿನಿಂದ ಕಡಿದು ಟಕ್ಕೆಂಬ ಶಬ್ದವನ್ನು ಕೇಳುವ ಹಿರಿಯರ ಪರೀಕ್ಷೆಯೂ ತಕ್ಕಷ್ಟು ನಂಬಿಕೆಗೆ ಅರ್ಹವೇ. ಆದರೆ ಅದು ಹಲ್ಲಿಗೂ ಅನುಭವಕ್ಕೂ ತಕ್ಕಂತೆ ಬದಲಾಗುತ್ತದೆ.

ಒಣಗಿಸಿದರೆ ತೂಕ ಹೋಗುವುದೆಂಬ ಭಯವು ಸಹಜವಾದುದೇ. ನೂರಕ್ಕೆ 18 ತೇವವಿರುವ 100 ಕಿಲೋಗ್ರಾಂ ಧಾನ್ಯದಲ್ಲಿ ಒಣದ್ರವ್ಯವು 82. ಅದನ್ನು 12ಕ್ಕೆ ಒಣಗಿಸಿದರೆ ಉಳಿಯುವ ತೂಕ 93 ಕಿಲೋಗ್ರಾಂ. ಕಡಿಮೆಯಾದ 7 ಕಿಲೋಗ್ರಾಂ ಕೇವಲ ನೀರು. ಇದಕ್ಕೆ ಪ್ರತಿಯಾಗಿ, 12 ತೇವದ 50 ಕಿಲೋಗ್ರಾಂ ರಾಗಿಯು ಮಳೆಗಾಲದಲ್ಲಿ 14ಕ್ಕೆ ಏರಿದರೆ ಚೀಲವು 51 ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ. ಉಗ್ರಾಣದಲ್ಲಿದ್ದ ರಾಗಿಯು ತಾನಾಗಿ ಹೆಚ್ಚಿತೆಂದು ಸಂತೋಷಪಡುವುದಕ್ಕೆ ಮೊದಲು ಚೀಲವನ್ನು ಬಿಚ್ಚಿ ಮೂಸಿ ನೋಡುವುದು ಒಳ್ಳೆಯದು.

ನೆಲ, ಗೋಡೆ ಮತ್ತು ಹಗೇವು

ಕಲ್ಲುಚಪ್ಪಡಿಯ ನೆಲವು ತೇವವನ್ನು ಹೀರುವುದಿಲ್ಲವಾದುದರಿಂದ ಉಗ್ರಾಣಕ್ಕೆ ಅದೇ ಶ್ರೇಷ್ಠವೆಂದು ಹಣವಂತರು ಭಾವಿಸುತ್ತಾರೆ. ಕರಿಕಲ್ಲು ತನ್ನ ತೂಕದ ನೂರರಲ್ಲೊಂದು ಪಾಲು ನೀರನ್ನೂ ಹೀರದೆಂಬುದು ನಿಜವೇ. ಆದರೆ ಕೋಣೆಯ ಹವೆ 30 ಡಿಗ್ರಿಯಲ್ಲಿದ್ದು, ಆರ್ದ್ರತೆ 80 ಇದ್ದರೆ ಘನ ಮೀಟರಿಗೆ 24 ಗ್ರಾಂ ಆವಿಯಿರುತ್ತದೆ. ನೆಲದ ಕಲ್ಲು 25 ಡಿಗ್ರಿಗೆ ತಣ್ಣಗಿದ್ದರೆ, ಅದನ್ನು ಮುಟ್ಟಿದ ಹವೆಯು 23 ಗ್ರಾಂಗಿಂತ ಹೆಚ್ಚನ್ನು ಹಿಡಿಯಲಾರದು. ಉಳಿದುದು ಕಲ್ಲಿನ ಮೇಲೆ ಹನಿಯಾಗಿ ಕೂರುತ್ತದೆ. ಕಲ್ಲು ಹೀರುವುದಿಲ್ಲವಾದುದರಿಂದಲೇ ಆ ಹನಿಯನ್ನು ಮೇಲಿರುವ ಗೋಣಿಗೆ ಒಪ್ಪಿಸಿಬಿಡುತ್ತದೆ. ಸಿಮೆಂಟಿನ ಗಾರೆನೆಲದ ಗತಿಯೂ ಹೆಚ್ಚು ಬೇರೆಯಲ್ಲ. ಸಗಣಿ ಸಾರಿಸಿದ ಮಣ್ಣಿನ ನೆಲವು ಇಂಥ ಸ್ವಲ್ಪ ತೇವವನ್ನು ತಾನೇ ನುಂಗಿಕೊಳ್ಳುತ್ತದೆ. ಆದರೆ ಬುಡದಿಂದ ಏರಿಬರುವ ನೀರನ್ನು ತಡೆಯಲಾರದು. ಯಾವ ನೆಲವಾದರೂ ಸರಿಯೆ, ಚೀಲವು ಅದನ್ನು ಮುಟ್ಟದಿರುವುದೇ ಪರಿಹಾರ. ಮರದ ಹಲಗೆಗಳ ಅಥವಾ ಬಿದಿರಿನ ಅಟ್ಟಣೆಯನ್ನು ಒಂದು ಗೇಣೆತ್ತರಕ್ಕೆ ಹಾಕಿ, ಗೋಡೆಗೂ ಚೀಲದ ಸಾಲಿಗೂ ನಡುವೆ ಒಬ್ಬರು ಓಡಾಡುವಷ್ಟು ಎಡೆ ಬಿಟ್ಟರೆ, ನೆಲದ ತೇವವು ಚೀಲಕ್ಕೆ ಹತ್ತುವುದಿಲ್ಲ.

ಕಿಟಕಿ ಬಾಗಿಲುಗಳನ್ನು ಸದಾ ತೆರೆದಿಡುವುದೂ ಸದಾ ಮುಚ್ಚಿಡುವುದೂ ಎರಡೂ ತಪ್ಪು. ಮಳೆ ಬಿದ್ದು ಹವೆಯು ತೊಯ್ದಿರುವ ದಿನ ಮುಚ್ಚಬೇಕು. ಮೋಡ ಹರಿದು ಬಿಸಿಲು ಬಿದ್ದ ಮಧ್ಯಾಹ್ನ ತೆರೆಯಬೇಕು. ಅನೇಕ ಮನೆಗಳಲ್ಲಿ ಬೆಳಿಗ್ಗೆ ಕಸ ಗುಡಿಸುವಾಗ ತೆರೆದು ಮಧ್ಯಾಹ್ನ ಬೀಗ ಹಾಕುವುದರಿಂದ, ದಿನದಲ್ಲಿ ಅತ್ಯಂತ ತೇವದ ಹವೆಯೇ ಒಳಸೇರುತ್ತದೆ.

ಮೈಸೂರು ಸೀಮೆಯ ಹಿಂದಿನವರು ರಾಗಿಯನ್ನು ಹಗೇವಿನಲ್ಲಿ ಹತ್ತಾರು ವರ್ಷ ಕೆಡದಂತೆ ಇಡುತ್ತಿದ್ದುದು ಪ್ರಸಿದ್ಧವಾಗಿದೆ. ನೆಲದೊಳಗಿನ ಗುಂಡಿಯಲ್ಲಿ ಧಾನ್ಯವು ಕೆಡದಿದ್ದುದು ಮೇಲೆ ಹೇಳಿದುದಕ್ಕೆ ವಿರೋಧವೆಂದು ತೋರಬಹುದು. ಹಗೇವನ್ನು ನೀರಿನ ಊಟೆಯಿಲ್ಲದ ಎತ್ತರದ ಗಟ್ಟಿನೆಲದಲ್ಲಿಯೇ ತೋಡುತ್ತಿದ್ದರು. ಬಾಯಿ ಕಿರಿದು, ಒಡಲು ಅಗಲ. ಸುತ್ತಲೂ ಒಣಹುಲ್ಲನ್ನು ಒತ್ತಿ, ಬಾಯಿಗೆ ಹೊಟ್ಟು ತುಂಬಿ, ಚಪ್ಪಡಿ ಮುಚ್ಚಿ ಮಣ್ಣಿನಿಂದ ಮೆತ್ತುತ್ತಿದ್ದರು. ಹುಲ್ಲೂ ಹೊಟ್ಟೂ ಇಲ್ಲಿ ಗೋಣಿಯ ಕೆಲಸವನ್ನು ಮಾಡಿ, ಗೋಡೆಯಿಂದ ಬಂದ ತೇವವನ್ನು ತಾವೇ ಹೀರಿಕೊಳ್ಳುತ್ತಿದ್ದವು. ಒಳಗಿನ ಶಾಖವು ವರ್ಷವಿಡೀ ಹೆಚ್ಚು ಬದಲಾಗದುದರಿಂದ ಬೆವರುವ ಪ್ರಸಂಗವಿರಲಿಲ್ಲ. ಕಾಳಿನ ಉಸಿರಾಟದಿಂದ ಪ್ರಾಣವಾಯುವು ಮುಗಿದು ಇಂಗಾಲಾಮ್ಲವು ತುಂಬಿ ಹುಳುಗಳು ಸಾಯುತ್ತಿದ್ದವು. ಅದೇ ಇಂಗಾಲಾಮ್ಲದಿಂದ, ಹಗೇವನ್ನು ತೆರೆದೊಡನೆ ಇಳಿದು ಪ್ರಾಣ ಕಳೆದುಕೊಂಡವರೂ ಉಂಟು. ದೀಪವನ್ನು ಇಳಿಬಿಟ್ಟು ಪರೀಕ್ಷಿಸುತ್ತಿದ್ದುದು ಇದಕ್ಕಾಗಿಯೇ. ದೀಪವು ಆರಿದರೆ ಆ ದಿನ ಯಾರೂ ಇಳಿಯತಕ್ಕದ್ದಲ್ಲ. ದೀಪವು ಉರಿದ ಮಾತ್ರಕ್ಕೆ ಪೂರ್ತಿ ಕ್ಷೇಮವೆಂದೂ ಹೇಳಲಾಗದಾದುದರಿಂದ, ಇಂದಿಗೂ ಹಗೇವಿರುವ ಊರುಗಳಲ್ಲಿ ಬಾಯಿಯನ್ನು ಬಹಳ ಹೊತ್ತು ತೆರೆದು ಗಾಳಿಯಾಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರುವಾಗ ಮಾತ್ರ ಇಳಿಯಬೇಕು.

ಬಿತ್ತನೆಯ ಬೀಜ

ಊಟದ ಕಾಳು ಸ್ವಲ್ಪ ಮುಗ್ಗಿದರೂ ಹೇಗೋ ಸಾಗೀತು. ಬೀಜಕ್ಕೆ ಆ ಸಡಿಲವಿಲ್ಲ. ತೇವವು 5 ರಿಂದ 14ರ ನಡುವೆ ಇರುವಾಗ, ಅದು ನೂರಕ್ಕೆ ಒಂದರಷ್ಟು ಇಳಿದಂತೆಲ್ಲಾ ಬೀಜದ ಆಯುಸ್ಸು ಸುಮಾರು ಇಮ್ಮಡಿಯಾಗುವುದೆಂಬುದು ಬೀಜಶಾಸ್ತ್ರಜ್ಞರು ಒಪ್ಪಿರುವ ಸ್ಥೂಲ ನಿಯಮ. ಪ್ರಮಾಣಿತ ಭತ್ತದ ಬೀಜಕ್ಕೆ ಸಾಧಾರಣ ಚೀಲದಲ್ಲಾದರೆ 13, ಆವಿ ನುಗ್ಗದ ಡಬ್ಬಿಯಲ್ಲಾದರೆ 8ರ ತೇವವನ್ನು ಮಿತಿಯಾಗಿ ಇಟ್ಟಿದ್ದಾರೆ. ರಾಗಿಗೆ ಇದೇ ಕ್ರಮದಲ್ಲಿ 12 ಮತ್ತು 8. ಮುಚ್ಚಿದ ಡಬ್ಬಿಗೆ ಹೆಚ್ಚು ಒಣಬೀಜ ಬೇಕಾಗುವ ಕಾರಣವು ಪ್ಲಾಸ್ಟಿಕ್ ಚೀಲದ ಪ್ರಸ್ತಾವದಲ್ಲಿ ಬಂದಿದೆ. ಮಣ್ಣಿನ ಗಡಿಗೆಯ ಗೋಡೆಯು ಸೂಕ್ಷ್ಮರಂಧ್ರಗಳಿಂದ ಕೂಡಿದ್ದು ಆವಿಯನ್ನು ಬಿಡುವುದರಿಂದ, ಅದರಲ್ಲಿ ಬೀಜವಿಡುವವರು ಹೊರಮೈಗೆ ಬಣ್ಣ ಅಥವಾ ಅರಗನ್ನು ಬಳಿಯುವುದು ಮೇಲು. ಬೀಜಕ್ಕೆ ಬೂದಿ ಬೆರೆಸುವ ಪದ್ಧತಿಯು ಹುಳುವನ್ನು ತಡೆಯಲು ಸಾಧಕ. ಆದರೆ ಒಲೆಯ ಬಳಿ ವಾರಗಟ್ಟಲೆ ತೆರೆದಿದ್ದ ಬೂದಿಯು ತಾನೇ ತೇವವನ್ನು ಹಿಡಿದಿರುವುದರಿಂದ, ಅದನ್ನು ಬಾಣಲೆಯಲ್ಲಿ ಕಾಯಿಸಿ ಆರಿಸಿ ಬೆರೆಸತಕ್ಕದ್ದು. ಸುಟ್ಟ ಸುಣ್ಣದ ಹರಳು ತನ್ನ ತೂಕದ ಮೂರರಲ್ಲೊಂದು ಪಾಲು ನೀರನ್ನು ಕುಡಿಯಬಲ್ಲುದಾದರೂ, ಕುಡಿಯುವಾಗ ಅದು ಕಾದು ಗೋಣಿಗೂ ಹುಲ್ಲಿಗೂ ಬೆಂಕಿ ತಗುಲಿಸಬಲ್ಲುದು. ಉಗ್ರಾಣದಲ್ಲಿ ಅದನ್ನು ಇಡದಿರುವುದೇ ಲೇಸು.

ಗ್ರಾಮದ ಮುಖಂಡರು ಇಷ್ಟಪಟ್ಟರೆ ಹೆಚ್ಚು ಖರ್ಚಿಲ್ಲದೆ ಒಂದು ಪ್ರಯೋಗವನ್ನು ನಡೆಸಿ ಊರವರಿಗೆ ತೋರಿಸಬಹುದು. ಚೈತ್ರಮಾಸದ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಗೋಣಿತಟ್ಟು, ಹತ್ತಿಯ ದುಪ್ಪಟಿ, ಕಂಬಳಿಯ ತುಂಡು ಮತ್ತು ಪ್ಲಾಸ್ಟಿಕ್ ಚೀಲ, ಇವುಗಳಲ್ಲಿ ಒಂದೊಂದನ್ನು ಸರಿಯಾಗಿ ಒಂದು ಕಿಲೋಗ್ರಾಂ ತೂಗುವಂತೆ ತೆಗೆದುಕೊಂಡು, ಸಹಕಾರ ಸಂಘದ ಉಗ್ರಾಣದಲ್ಲಿ ಒಂದೇ ಗಳುವಿಗೆ ತೂಗುಹಾಕಿ, ಪ್ರತಿ ತಿಂಗಳ ಮೊದಲನೆಯ ದಿನ ಒಂದೇ ವೇಳೆಯಲ್ಲಿ ತೂಗಿ, ತೂಕಗಳನ್ನು ಬಾಗಿಲಿನ ಹಲಗೆಯ ಮೇಲೆ ಬರೆಯುತ್ತ ಹೋಗಬೇಕು. ಪಕ್ಕದಲ್ಲಿಯೇ ಒಂದು ತೆರೆದ ಬಟ್ಟಲಿನಲ್ಲಿ ಉಪ್ಪನ್ನಿಡಬೇಕು. ಉಪ್ಪು ನೀರೊಡೆದ ದಿನ ಕಿಟಕಿಗಳನ್ನು ಮುಚ್ಚಿ, ಬಿಸಿಲಿನಲ್ಲಿ ಅದು ಮತ್ತೆ ಒಣಗಿ ಪುಡಿಯಾದ ಮಧ್ಯಾಹ್ನ ತೆರೆಯುವುದನ್ನು ಉಗ್ರಾಣದ ಕಾವಲುಗಾರನಿಗೆ ಒಪ್ಪಿಸಬಹುದು.